ಮಾರ್ವಾದ ಹೊತ್ತು, ತಂಗಡಿ ಹೂವಿನ ಕಾಲ

ಹೈದರಾಬಾದಿನಲ್ಲಿ ಅಕ್ಟೋಬರ್ ತಿಂಗಳಿಗೆ ಎಲೆ ಉದುರುವುದಿಲ್ಲ. ಬರ್ಕತ್‌ಪುರದ ನಮ್ಮ ಬೀದಿಯ ಬೇವು, ಹೊಂಗೆ ಎರಡೂ ಆಗ ಮೈತುಂಬ ಹಸಿರು ಹೊತ್ತು ನಿಂತಿರುತ್ತವೆ. ಅವಕ್ಕೆ ಉದುರುವ ಯೋಚನೆ ಬರುವುದು ಸಂಕ್ರಾಂತಿ ದಾಟಿ, ಶಿಶಿರ ಬಂದ ಮೇಲೆ. ಇದನ್ನು ಷಿಕಾಗೋದಲ್ಲಿರುವ ನನ್ನ ತಂಗಿಯ ಮಗನಿಗೆ ಹೇಳಿದರೆ ನಗುತ್ತಾನೆ. ಅಲ್ಲಿ ಮೇಪಲ್ ಮರಗಳು ಕೆಂಪಾಗತೊಡಗಿದಂತೆ ಅವನಿಗೆ ಹಾಡು ಕಳಿಸುವ ಹುಕಿ ಬರುತ್ತದೆ. ‘ಮೌಶಿ, ಇದು ಈ ಸೀಸನ್ನಿಗೇ ಮಾಡಿದ ಮ್ಯೂಸಿಕ್ಕು, ಚಹಾ ಕುಡಕೋತ ಕೇಳ್ರಿ’ ಎಂದು ಒಂದು ಪಟ್ಟಿ ಬರುತ್ತದೆ. ಪಿಯಾನೋ, ಚೆಲ್ಲೋ, ನಡುನಡುವೆ ಮಳೆಹನಿಯ ಸದ್ದು. ಕೇಳುತ್ತೇನೆ, ಚೆಂದವೇ ಇರುತ್ತದೆ. ಆದರೆ ಬಾಲ್ಕನಿಯಲ್ಲಿ ನಿಂತು ನೋಡಿದರೆ ಎದುರಿಗಿರುವ ಆಕಾಶಕ್ಕೂ ಕಿವಿಯೊಳಗಿನ ಪಿಯಾನೋಕ್ಕೂ ಪರಿಚಯವೇ ಇಲ್ಲ.

ಪಶ್ಚಿಮದಲ್ಲೂ ಈ ಋತು ಮೊದಲಿನಿಂದ ಇಷ್ಟು ವಿಷಾದದ್ದಾಗಿತ್ತೆಂದು ತಿಳಿಯಬೇಡಿ. ಇಟಲಿಯ ವಿವಾಲ್ಡಿ ನಾಲ್ಕು ಋತುಗಳ ಮೇಲೆ ಬರೆದ ಪಿಟೀಲು ಕೃತಿಗಳು 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಅದರ ಶರತ್ ಭಾಗದಲ್ಲಿ ಸುಗ್ಗಿ ಮುಗಿಸಿದ ರೈತರು ಕುಣಿಯುತ್ತಾರೆ, ಕುಡಿದು ಮಲಗುತ್ತಾರೆ, ಬೆಳಗಾದರೆ ಬೇಟೆಗೆ ಹೊರಡುತ್ತಾರೆ. ಅಲ್ಲಿ ಕಣ್ಣೀರಿಗೆ ಪುರುಸೊತ್ತಿಲ್ಲ. ಉದುರಿದ ಎಲೆ ನೋಡಿ ಹಳೆಯ ಪ್ರೀತಿ ನೆನೆಯುವ ಹಾಡು ಜಗತ್ತಿನ ತುಂಬ ಹರಡಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಜೋಸೆಫ್ ಕೋಸ್ಮಾ ಸ್ವರ ಹಾಕಿ, ಝಾಕ್ ಪ್ರೆವೇರ್ ಮಾತು ಬರೆದ ಆ ಫ್ರೆಂಚ್ ಹಾಡು 1946ರ ಒಂದು ಸಿನಿಮಾದಲ್ಲಿ ಬಂತು. ಆಮೇಲೆ ಜಾಝ್ ನುಡಿಸುವವರೆಲ್ಲ ಅದನ್ನು ತಮ್ಮದಾಗಿಸಿಕೊಂಡರು. ಅವರವರ ಊರಿನ ಮರ, ಅವರವರ ಹಾಡು. ನಮ್ಮ ಊರಿನದು ಏನು ಎಂಬುದಷ್ಟೇ ನನ್ನ ಕುತೂಹಲ.

ನಮ್ಮಲ್ಲಿ ಶರತ್ ಎಂದರೆ ಆಶ್ವೀಜ, ಕಾರ್ತಿಕ. ನೈಋತ್ಯ ಮಾರುತ ತೆಲಂಗಾಣದಿಂದ ಕಾಲು ಕೀಳುವುದು ಸಾಮಾನ್ಯವಾಗಿ ಅಕ್ಟೋಬರ್ ನಡುವಿಗೆ. ಹೋಗುವಾಗ ಒಂದೆರಡು ದಿನ ಮೂಸಿ ನದಿಗೆ ನೀರು ತಂದು, ಮಲಕಪೇಟೆಯ ಕಡೆ ವಾಹನಗಳನ್ನು ತಡೆದು, ರಂಪ ಮಾಡಿಯೇ ಹೋಗುತ್ತದೆ. ಹೋದ ಮರುದಿನ ಆಕಾಶ ನೋಡಬೇಕು. ಜೂನಿನಿಂದ ಮುಚ್ಚಿದ್ದ ಪಡುವಣ ದಿಕ್ಕು ತೆರೆದುಕೊಂಡಿರುತ್ತದೆ. ನಾಲ್ಕು ತಿಂಗಳಿಂದ ಸಂಜೆ ಎನ್ನುವುದೇ ಇರಲಿಲ್ಲ. ಬೂದು ಹಗಲು ಹಾಗೇ ಕಪ್ಪಾಗಿ ರಾತ್ರಿಯಾಗುತ್ತಿತ್ತು. ಈಗ ಸೂರ್ಯ ಮುಳುಗುವುದು ಕಣ್ಣಿಗೆ ಕಾಣುತ್ತದೆ.

ನನ್ನ ಮಾತೆಲ್ಲ ಇರುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿಂದೂಸ್ತಾನಿ ಸಂಗೀತದಲ್ಲಿ ಮಳೆಗಾಲಕ್ಕೆ ಒಂದು ದೊಡ್ಡ ಮನೆತನವೇ ಇದೆ. ಮೇಘ, ಮಿಯಾಂ ಮಲ್ಹಾರ, ಗೌಡ ಮಲ್ಹಾರ, ರಾಮದಾಸಿ ಮಲ್ಹಾರ ಎಂದು ಎಣಿಸುತ್ತ ಹೋಗಬಹುದು. ವಸಂತಕ್ಕೆ ಬಸಂತ್ ಇದೆ, ಬಹಾರ್ ಇದೆ, ಹಿಂಡೋಲ ಇದೆ, ಹೋಳಿಯ ಹಾಡುಗಳ ರಾಶಿಯೇ ಇದೆ. ಈ ಎರಡು ಕಾಲದಲ್ಲಿ ಋತುರಾಗಗಳನ್ನು ದಿನದ ಯಾವ ಹೊತ್ತಿಗೂ ಹಾಡಬಹುದೆಂಬ ರಿಯಾಯಿತಿಯೂ ಉಂಟು. ಶರತ್ತಿಗೆ ಏನಿದೆ? ಹನುಮನ್ಮತದವರು ಆರು ಋತುವಿಗೆ ಆರು ರಾಗ ಹಂಚುವಾಗ ಶರತ್ತಿಗೆ ಭೈರವವನ್ನು ಕೊಟ್ಟರು. ರಾಗಮಾಲಾ ಚಿತ್ರಗಳಲ್ಲಿ ಭೈರವ ಭಸ್ಮ ಬಳಿದುಕೊಂಡ ಶಿವನಾಗಿ ಕೂತಿರುತ್ತಾನೆ. ಆದರೆ ಹಾಡುವವರು ಈ ಹಂಚಿಕೆಯನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡಿಲ್ಲ. ಭೈರವವನ್ನು ಯುಗಾದಿಯ ಬೆಳಗಿಗೂ ಹಾಡುತ್ತಾರೆ, ಆಷಾಢದ ಬೆಳಗಿಗೂ ಹಾಡುತ್ತಾರೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರು ಋತುಗಳ ಮೇಲೆಯೇ ಕಾರ್ಯಕ್ರಮಗಳನ್ನು ಕಟ್ಟಿದರು: ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ. ಅವರ ಆ ಮೂರರ ಹೆಸರಿನಲ್ಲೂ ಶರತ್ತು ಇಲ್ಲ.

ಹಾಗಾದರೆ ಶರತ್ತು ಬಡವಿಯೇ? ನನಗೆ ಹಾಗೆ ಅನಿಸುವುದಿಲ್ಲ. ಋತುವಿನ ಗಲಾಟೆ ಇಲ್ಲದ ಕಾಲ ಇದು. ಗುಡುಗು ಮಿಂಚಿಲ್ಲ, ಕೋಗಿಲೆ ಇಲ್ಲ, ಬಣ್ಣ ಎರಚುವವರಿಲ್ಲ. ಹೀಗಾಗಿ ರಾಗಗಳು ತಮ್ಮ ತಮ್ಮ ಹೊತ್ತಿಗೆ ಮರಳುತ್ತವೆ. ಮೋಡ ಮುಚ್ಚಿದ ನಾಲ್ಕು ತಿಂಗಳು, ಹಗಲು ಇರುಳು ಕೂಡುವ ಹೊತ್ತಿನ ಸಂಧಿಪ್ರಕಾಶ ರಾಗಗಳಿಗೆ ಸಂಧಿಯೂ ಇರಲಿಲ್ಲ, ಪ್ರಕಾಶವೂ ಇರಲಿಲ್ಲ. ಆಶ್ವೀಜದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಶರತ್ತಿನ ಸಂಗೀತ ಯಾವುದೆಂದು ಯಾರಾದರೂ ಕೇಳಿದರೆ ನಾನು ಸಂಜೆ ಐದೂಮುಕ್ಕಾಲರದ್ದು ಅನ್ನುತ್ತೇನೆ.

ಹೊತ್ತಿನ ಈ ಲೆಕ್ಕ ಬಹಳ ಸುಂದರ. ನಾನು ಗಣಿತ ಕಲಿಸಿ ನಿವೃತ್ತಳಾದವಳು, ಲೆಕ್ಕ ಕಂಡರೆ ಬಿಡುವವಳಲ್ಲ. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಊರೂರು ಅಲೆದು, ಉಸ್ತಾದರ ಬಾಯಿಂದ ಬಂದಿಶ್‌ಗಳನ್ನು ಬರೆದುಕೊಂಡು, ರಾಗಗಳನ್ನು ಥಾಟುಗಳಲ್ಲಿ ಜೋಡಿಸಿದರು. ಅವರು ಕಂಡುಕೊಂಡದ್ದು ಇದು: ಹಗಲು ಇರುಳು ಕೂಡುವ ಎರಡು ಹೊತ್ತಿನಲ್ಲಿ ಹಾಡುವ ರಾಗಗಳಿಗೆ ಸಾಮಾನ್ಯವಾಗಿ ರಿಷಭ ಕೋಮಲ, ಗಾಂಧಾರ ಶುದ್ಧ. ಹಾಗಾದರೆ ಬೆಳಗಿನದು ಯಾವುದು, ಸಂಜೆಯದು ಯಾವುದು? ಅದನ್ನು ಮಧ್ಯಮ ಹೇಳುತ್ತದೆ. ಶುದ್ಧ ಮಧ್ಯಮ ಮುಂದೆ ನಿಂತರೆ ಬೆಳಕು ಬರುತ್ತಿದೆ, ಅದು ಭೈರವ, ಕಾಲಿಂಗಡಾ. ತೀವ್ರ ಮಧ್ಯಮ ಮೇಲುಗೈ ಆದರೆ ಕತ್ತಲು ಬರುತ್ತಿದೆ, ಅದು ಪೂರ್ವಿ, ಶ್ರೀ, ಪೂರಿಯಾ, ಮಾರ್ವಾ. ದಾರಿ ತೋರಿಸುವ ಸ್ವರ ಎಂದು ಅದಕ್ಕೆ ಅಧ್ವದರ್ಶಕ ಎಂದೇ ಹೆಸರಿಟ್ಟರು. ಇದಕ್ಕೆ ಜಗ್ಗದ ರಾಗಗಳೂ ಇವೆ. ಲಲಿತ ಎರಡೂ ಮಧ್ಯಮ ಇಟ್ಟುಕೊಂಡು ನಸುಕಿನಲ್ಲಿ ಕೂತಿದೆ. ನಿಯಮ ಬರೆದವರಿಗೂ ಅದು ಗೊತ್ತಿತ್ತು.

ಈಗ ಮಾರ್ವಾ. ನನ್ನ ಮಟ್ಟಿಗೆ ಶರತ್ತಿನ ರಾಗ ಇದೇ, ಯಾವ ಗ್ರಂಥ ಏನೇ ಹೇಳಲಿ.

ಮಾರ್ವಾದಲ್ಲಿ ಪಂಚಮ ಇಲ್ಲ. ಪಂಚಮ ಅಂದರೆ ಷಡ್ಜದ ಜೊತೆಗಾರ, ಕೇಳುವವರಿಗೆ ಒರಗಲು ಒಂದು ಗೋಡೆ ಸಿಕ್ಕಹಾಗೆ. ಅದನ್ನು ತೆಗೆದುಬಿಟ್ಟಿದ್ದಾರೆ. ತಂಬೂರಿಯ ಮೊದಲ ತಂತಿಯನ್ನೂ ಪಂಚಮಕ್ಕೆ ಕೂಡಿಸುವಂತಿಲ್ಲ, ನಿಷಾದಕ್ಕೋ ಧೈವತಕ್ಕೋ ಇಳಿಸಬೇಕು. ಇನ್ನು ಷಡ್ಜ ಇದೆ, ಇದ್ದೂ ಇಲ್ಲದಂತಿದೆ. ಗಾಯಕರು ನಿಷಾದದಿಂದ ನೇರ ಕೋಮಲ ರಿಷಭಕ್ಕೆ ದಾಟುತ್ತಾರೆ, ಸಾ ಬಳಿ ಬಂದೂ ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ನಾಲ್ಕು ಸ್ವರ ಕಲಿಸಿದವರು ನಮ್ಮ ಕಾಕಾ, ಹುಮನಾಬಾದಿನಲ್ಲಿ ಪೇಟಿ ನುಡಿಸುತ್ತಿದ್ದವರು. ಮಾರ್ವಾ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ಷಡ್ಜಕ್ಕೆ ಬಂದು ಕೂತರೆ ಪೇಟಿಯ ಭಾತಿ ಬಿಟ್ಟು ಗದರುತ್ತಿದ್ದರು: ‘ಏ ಪೋರಿ, ಮನಿ ಕಂಡ್ರೂ ಒಳಗ ಹೋಗಬ್ಯಾಡ. ಅಂಗಳದಾಗೇ ತಿರುಗಾಡು. ಕರದಾಗ ಹೋಗೂಣಂತ.’

ಕಾಕಾ ಅಂಗಳ ಎಂದದ್ದಕ್ಕೆ ಒಂದು ಗಣಿತವೂ ಇದೆ. ಬಹುಪಾಲು ರಾಗಗಳಲ್ಲಿ ವಾದಿ, ಸಂವಾದಿ ಎಂಬ ಎರಡು ಮುಖ್ಯ ಸ್ವರಗಳ ನಡುವೆ ಷಡ್ಜ–ಪಂಚಮದ ಇಲ್ಲವೇ ಷಡ್ಜ–ಮಧ್ಯಮದ ಅಂತರ ಇರುತ್ತದೆ. ಪೇಟಿಯ ಮೇಲೆ ಬಿಳಿ ಕರಿ ಮನೆಗಳನ್ನೆಲ್ಲ ಸೇರಿಸಿ ಎಣಿಸಿದರೆ ಏಳು, ಇಲ್ಲವೇ ಐದು. ಈ ಅಂತರದ ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಕಿವಿಗೆ ಹಿತ. ಮಾರ್ವಾದ ವಾದಿ ಕೋಮಲ ರಿಷಭ, ಸಂವಾದಿ ಶುದ್ಧ ಧೈವತ. ನಡುವಿನ ಅಂತರ ಎಂಟು. ಹೊಂದಿಕೊಳ್ಳಲು ಒಂದು ಮನೆ ಹೆಚ್ಚಾಗಿಬಿಟ್ಟಿತು. ಆ ಒಂದು ಮನೆಯ ವ್ಯತ್ಯಾಸವೇ ಕೇಳುವವರ ಎದೆಯಲ್ಲಿ ಒಂದು ತಳಮಳವಾಗಿ ಕೂರುತ್ತದೆ. ಯಾವುದೋ ಕೆಲಸ ಬಾಕಿ ಉಳಿದ ಹಾಗೆ, ಯಾರೋ ಬರಬೇಕಾದವರು ಬಾರದ ಹಾಗೆ.

ಇದನ್ನು ನಂಬದವರು ಪೂರಿಯಾ ಕೇಳಬೇಕು. ಅದೇ ಆರು ಸ್ವರ, ಒಂದೂ ಹೆಚ್ಚಿಲ್ಲ ಕಡಿಮೆಯಿಲ್ಲ. ಆದರೆ ಪೂರಿಯಾ ಮಂದ್ರದಲ್ಲಿ ತಂಗುತ್ತದೆ, ಗಾಂಧಾರ ನಿಷಾದಗಳನ್ನು ಹಿಡಿದು ನಡೆಯುತ್ತದೆ. ಅವೆರಡರ ನಡುವೆ ಸರಿಯಾಗಿ ಏಳು ಮನೆ, ಆದ್ದರಿಂದ ತಳಮಳ ಇಳಿದು ಗಾಂಭೀರ್ಯ ಬರುತ್ತದೆ. ಅವೇ ಆರು ಸ್ವರಗಳನ್ನು ತಾರ ಷಡ್ಜದ ಸುತ್ತ ಹಾಡಿದರೆ ಸೋಹನಿ, ಅದು ನಡುರಾತ್ರಿ ಕಳೆದ ಮೇಲಿನದು. ಮೈಸೂರು ಕಡೆಯ, ಕರ್ನಾಟಕ ಸಂಗೀತ ಕೇಳುವ ಓದುಗರಿಗೆ ಇದರ ಗುರುತು ಹಿಡಿಯುವುದು ಸುಲಭ: ಈ ಆರು ಸ್ವರಗಳೇ ಹಂಸಾನಂದಿ. ಪಂಚಮ ಸೇರಿಸಿದರೆ 53ನೇ ಮೇಳ ಗಮನಶ್ರಮ.

ಮಾರ್ವಾ ಕೇಳಲು ಎಲ್ಲಿಂದ ಶುರು ಮಾಡಬೇಕು ಎಂದರೆ ನಾನು ಮೊದಲು ಹೆಸರಿಸುವುದು ಉಸ್ತಾದ್ ಅಮೀರ್ ಖಾನರನ್ನು (1912–1974). ಒಂದು ಬದಿಗೆ ಮಾರ್ವಾ, ಇನ್ನೊಂದು ಬದಿಗೆ ದರ್ಬಾರಿ ಇರುವ ಅವರ ಎಲ್‌ಪಿ ಈಗ ಫೋನಿನಲ್ಲೂ ಸಿಗುತ್ತದೆ. ಅವರಿಗೆ ಅವಸರ ಎಂಬುದಿಲ್ಲ. ಷಡ್ಜಕ್ಕೆ ಬರುವ ಮೊದಲು ಎಷ್ಟು ಕಾಯಿಸುತ್ತಾರೆಂದರೆ, ಬಂದಾಗ ನಾವು ಬಿಟ್ಟ ಉಸಿರು ನಮಗೇ ಕೇಳುತ್ತದೆ. ಆಮೇಲೆ ಗಂಗೂಬಾಯಿ ಹಾನಗಲ್ಲರ ಮಾರ್ವಾ. ಆ ಗಂಡುಗಂಟಲಿನ ಕೋಮಲ ರಿಷಭದಲ್ಲಿ ವಿಷಾದ ಅಳುವುದಿಲ್ಲ, ನೇರ ನಿಂತುಕೊಳ್ಳುತ್ತದೆ. ನನಗೆ ಅದೇ ಹೆಚ್ಚು ಇಷ್ಟ. ಭೀಮಸೇನ ಜೋಶಿಯವರ ಪೂರಿಯಾ ಧನಾಶ್ರೀಯಲ್ಲಿ ಪಂಚಮ ಉಂಟು, ಒರಗಲು ಗೋಡೆ ಉಂಟು. ಮಾರ್ವಾ ಭಾರ ಅನ್ನುವವರು ಅದರಿಂದ ಆರಂಭಿಸಿದರೂ ಅಡ್ಡಿಯಿಲ್ಲ.

ಗಡಿಯಾರದ ಒಂದು ತೊಡಕಿದೆ. ಆಗಸ್ಟ್ ನಡುವಿನಲ್ಲಿ ಹೈದರಾಬಾದಿನ ಸೂರ್ಯ ಮುಳುಗುವುದು ಸುಮಾರು 6.40ಕ್ಕೆ, ನವೆಂಬರ್ ನಡುವಿನಲ್ಲಿ 5.40ರ ಆಸುಪಾಸಿಗೆ. ಮೂರು ತಿಂಗಳಲ್ಲಿ ಸಂಜೆ ಒಂದು ಗಂಟೆ ಮುಂದಕ್ಕೆ ಬಂದುಬಿಡುತ್ತದೆ. ಮುಳುಗಿದ ಮೇಲೆ ಬೆಳಕು ಉಳಿಯುವುದೂ ಇಪ್ಪತ್ತು–ಇಪ್ಪತ್ತೈದು ನಿಮಿಷ. ಲಂಡನ್ನಿನಂಥ ಊರಿನಲ್ಲಿ ಅದು ಅರ್ಧ ಗಂಟೆ ಮೀರುತ್ತದೆ, ಏಕೆಂದರೆ ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಹೀಗಾಗಿ ಮಾರ್ವಾದ ಹೊತ್ತು ನಮಗೆ ಗಿಡ್ಡ. ಕೆಲಸಕ್ಕೆ ಹೋಗುವವರು ಆಗ ಹೈಟೆಕ್ ಸಿಟಿಯ ಗಾಜಿನ ಕಟ್ಟಡದ ಒಳಗಿರುತ್ತಾರೆ, ಇಲ್ಲವೇ ಮೆಟ್ರೋದಲ್ಲಿ ನೇತಾಡುತ್ತಿರುತ್ತಾರೆ. ಮೆಟ್ರೋ ಕಿಟಕಿಯಿಂದ ಪಡುವಣ ಕಾಣುತ್ತದೆ, ಕಿವಿಗೆ ಇಯರ್‌ಫೋನ್ ಇದೆ, ಸಾಕು. ರಾತ್ರಿ ಎಂಟಕ್ಕೆ ಮನೆ ಸೇರಿ ಮಾರ್ವಾ ಹಾಕಿದರೆ ಪಾಪವೇನೂ ಬರುವುದಿಲ್ಲ. ಆದರೆ ಆಗ ಪೂರಿಯಾ ಇದೆ, ಯಮನ್ ಇದೆ, ಅವುಗಳ ಸರದಿಯನ್ನು ಏಕೆ ತಪ್ಪಿಸಬೇಕು?

ಈ ಕಾಲಕ್ಕೆ ಕಿವಿ ಚುರುಕಾಗುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಕಾರಣ ಕಿವಿಯಲ್ಲಿಲ್ಲ, ಗಾಳಿಯಲ್ಲಿದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ಹತ್ತಿದ ಗಾಳಿ ತಂಪಾಗುತ್ತದೆ, ಅದರ ಮೇಲಿನದು ಇನ್ನೂ ಬೆಚ್ಚಗೆ ಉಳಿದಿರುತ್ತದೆ. ಸದ್ದು ತಂಪು ಗಾಳಿಯಲ್ಲಿ ನಿಧಾನ, ಬೆಚ್ಚನೆಯದರಲ್ಲಿ ಚುರುಕು. ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ವ್ಯತ್ಯಾಸ. ಮೇಲಕ್ಕೆ ಹೋಗಿ ಕಳೆದುಹೋಗಬೇಕಾದ ಸದ್ದು ಈ ವ್ಯತ್ಯಾಸದಿಂದ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಅದಕ್ಕೇ ಮಳೆಗಾಲದಲ್ಲಿ ಕೇಳದ ಕಾಚಿಗುಡ ನಿಲ್ದಾಣದ ರೈಲು ಕಾರ್ತಿಕದ ರಾತ್ರಿ ನಮ್ಮ ಹಾಸಿಗೆಯ ಪಕ್ಕದಲ್ಲೇ ಹೊರಟಂತೆ ಕೇಳುತ್ತದೆ.

ವಾದ್ಯಗಳಿಗೂ ಇದು ಹಬ್ಬದ ಕಾಲ. ತಬಲಾ ನುಡಿಸುವವರ ಮಳೆಗಾಲದ ಗೋಳು ಅವರಿಗೇ ಗೊತ್ತು. ಚರ್ಮ ತೇವ ಕುಡಿದು ಸಡಿಲವಾಗುತ್ತದೆ, ಸ್ವರ ಇಳಿಯುತ್ತದೆ, ಒಂದು ಬಂದಿಶ್ ಮುಗಿಯುವಷ್ಟರಲ್ಲಿ ಸುತ್ತಿಗೆ ಹಿಡಿದು ಗಟ್ಟಾ ಬಡಿಯಬೇಕು. ಕಾಕಾನ ಜೊತೆಗಾರ ತಬಲಾದವರು ಶ್ರಾವಣದಲ್ಲಿ ಡಗ್ಗಾವನ್ನು ಒಲೆಯ ಹತ್ತಿರ ಇಟ್ಟು ಕಾಯಿಸುತ್ತಿದ್ದರು, ಮನೆಯವರು ಬೈಯುತ್ತಿದ್ದರು. ತಂಬೂರಿಯ ಬುರುಡೆ ಸೋರೆಯದು, ದಂಡಿ ಮರದ್ದು, ಎರಡೂ ತೇವಕ್ಕೆ ಮುನಿಯುತ್ತವೆ. ದಸರೆ ಬರುವಷ್ಟರಲ್ಲಿ ಎಲ್ಲ ಒಣಗಿ ತಹಬಂದಿಗೆ ಬರುತ್ತವೆ. ತಂತಿಯಡಿಯ ನೂಲನ್ನು, ಅಂದರೆ ಜೀವಾಳಿಯನ್ನು, ಒಮ್ಮೆ ಸರಿಪಡಿಸಿಟ್ಟರೆ ತಾಸುಗಟ್ಟಲೆ ಅಲುಗುವುದಿಲ್ಲ. ಆಯುಧಪೂಜೆಗೆ ವಾದ್ಯಗಳನ್ನು ಒರೆಸಿ ಕುಂಕುಮವಿಡುವುದು ಕ್ರಮ. ಮರುದಿನ ಶ್ರುತಿ ಮಾಡುವಾಗ ದೇವಿ ನಿಜಕ್ಕೂ ಒಲಿದಿದ್ದಾಳೆ ಅನಿಸುತ್ತದೆ.

ಹೀಗೆಲ್ಲ ಬರೆದರೆ ಹೈದರಾಬಾದಿನ ಶರತ್ತೆಲ್ಲ ಬಾಲ್ಕನಿಯಲ್ಲಿ ಒಬ್ಬರೇ ಕೂತು ಕಣ್ಣು ಮುಚ್ಚುವುದು ಅಂದುಕೊಂಡೀರಿ. ಕೆಳಗೆ ಬೀದಿಗೆ ಇಳಿದರೆ ಬತುಕಮ್ಮ ನಡೆದಿರುತ್ತದೆ. ಮಹಾಲಯ ಅಮಾವಾಸ್ಯೆಯಂದು ಎಂಗಿಲಿಪೂಲ ಬತುಕಮ್ಮದಿಂದ ಶುರುವಾಗಿ ದುರ್ಗಾಷ್ಟಮಿಯ ಸದ್ದುಲ ಬತುಕಮ್ಮದವರೆಗೆ ಒಂಬತ್ತು ದಿನ. ತೆಲಂಗಾಣ 2014ರಲ್ಲಿ ರಾಜ್ಯವಾದ ಮೇಲೆ ಇದು ಸರ್ಕಾರಿ ಹಬ್ಬವೂ ಆಯಿತು. ಮಳೆಯ ಬೆನ್ನಿಗೆ ಬಯಲಲ್ಲಿ ಅರಳುವ ಹಳದಿ ತಂಗಡಿ, ಹೊಲದ ಬದುವಿನ ಗುನುಗು, ಚೆಂಡುಹೂ, ಕುಂಬಳದ ಹೂ, ಇವನ್ನು ತಟ್ಟೆಯ ಮೇಲೆ ಸುತ್ತುಸುತ್ತಾಗಿ ಗೋಪುರದಂತೆ ಜೋಡಿಸುತ್ತಾರೆ. ತಂಗಡಿ ಈಗ ತೆಲಂಗಾಣದ ರಾಜ್ಯಪುಷ್ಪ. ಕತ್ತಲಾಗುವ ಹೊತ್ತಿಗೆ ಹೆಂಗಸರು ಅದನ್ನು ನಡುವೆ ಇಟ್ಟು ಸುತ್ತುತ್ತಾರೆ.

ಹಾಡುವ ಕ್ರಮ ನೋಡಲು ಸರಳ. ಒಬ್ಬಾಕೆ ಸಾಲು ಎತ್ತುತ್ತಾಳೆ, ಉಳಿದವರು ‘ಉಯ್ಯಾಲೋ’ ಎಂದೋ ‘ಕೋಲ್’ ಎಂದೋ ಪಲ್ಲವಿ ಜೋಡಿಸಿ ಮರಳಿಸುತ್ತಾರೆ. ವಾದ್ಯ ಬೇಡ, ಅಂಗೈ ಸಾಕು. ಬಗ್ಗಿ ಒಂದು ಚಪ್ಪಾಳೆ, ಎದ್ದು ಒಂದು ಚಪ್ಪಾಳೆ, ಒಂದು ಹೆಜ್ಜೆ ಬಲಕ್ಕೆ. ರಾಗದ ಹರವು ನಾಲ್ಕೈದು ಸ್ವರ ದಾಟುವುದಿಲ್ಲ. ಹೀಗಾಗಿ ಎಂಬತ್ತರ ಅಜ್ಜಿಯೂ ಎಂಟರ ಹುಡುಗಿಯೂ ಒಂದೇ ಶ್ರುತಿಯಲ್ಲಿ ಹಾಡಬಹುದು. ಹಾಡಿನೊಳಗಿರುವುದು ತವರಿನ ದಾರಿ, ಅಣ್ಣ ಕರೆಯಲು ಬಾರದ ಬೇಸರ, ಅತ್ತೆ ಮನೆಯ ಬಿಸಿ ತಣಿ, ಒಮ್ಮೊಮ್ಮೆ ಸತ್ತುಹೋದ ಮಗಳು. ಮಾತು ಇಷ್ಟು ಭಾರ, ಚಪ್ಪಾಳೆ ಅಷ್ಟು ಹಗುರ. ಮಾರ್ವಾ ಮುಚ್ಚುಮರೆಯಿಂದ ಹೇಳುವುದನ್ನು ಇವರು ಬೀದಿಯಲ್ಲಿ ಸುತ್ತು ಹಾಕುತ್ತ ಹೇಳಿ ಮುಗಿಸುತ್ತಾರೆ. ಈಚೆಗೆ ಅಪಾರ್ಟ್‌ಮೆಂಟುಗಳಲ್ಲಿ ಡಿಜೆ ಬಂದಿದೆ. ಡಿಜೆಗೆ ಪಲ್ಲವಿ ಮರಳಿಸುವ ತಾಳ್ಮೆ ಇಲ್ಲ, ಆದ್ದರಿಂದ ಅದಿದ್ದಲ್ಲಿ ಹೆಂಗಸರು ಕುಣಿಯುತ್ತಾರೆ, ಹಾಡುವುದಿಲ್ಲ. ಇದು ನನಗೆ ನಷ್ಟ ಅನಿಸುತ್ತದೆ, ನನ್ನ ಸೊಸೆಗೆ ಅನಿಸುವುದಿಲ್ಲ.

ನಾವು ಕನ್ನಡದವರು ಈ ಸುತ್ತಿನಲ್ಲಿ ಹೊರಗಿನವರಲ್ಲ. ಬೀದರ, ಕಲಬುರಗಿ, ರಾಯಚೂರು ಮೂರೂ ನಿಜಾಮರ ರಾಜ್ಯದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿದವು. ಓದಲೋ ನೌಕರಿಗೋ ಬಂದ ಆ ಕಡೆಯವರು ಕಾಚಿಗುಡದ ಸುತ್ತ ನೆಲೆಸಿದರು. ಅಲ್ಲೇ ಕರ್ನಾಟಕ ಸಾಹಿತ್ಯ ಮಂದಿರ ಎದ್ದಿತು, ನೃಪತುಂಗ ಶಾಲೆ ಬಂತು. ನಮ್ಮ ಹೆಂಗಸರೂ ಹಾಡಿನ ಗಂಟು ಕಟ್ಟಿಕೊಂಡೇ ಬಂದಿದ್ದರು. ದೀಪಾವಳಿಯಿಂದ ಗೌರಿ ಹುಣ್ಣಿಮೆಯವರೆಗೆ ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹಾಡುವ ಹಾಡುಗಳು, ಕೋಲಾಟದ ಪದಗಳು ನನ್ನ ಅವ್ವನಿಗೆ ಬಾಯಿಪಾಠ. ಬತುಕಮ್ಮದ ಸುತ್ತಿನಲ್ಲಿ ಸೇರಿಕೊಂಡಾಗ ಅವಳಿಗೆ ತೆಲುಗು ಪೂರ್ತಿ ಬರುತ್ತಿರಲಿಲ್ಲ, ಚಪ್ಪಾಳೆ ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ಬೆಳಗಿನ ಕಡೆಯ ಸಂಧಿಯದು ಬೇರೆ ಕಥೆ. ಬೀದರ, ಕಲಬುರಗಿಯ ವಿಠ್ಠಲನ ಗುಡಿಗಳಲ್ಲಿ ಆಶ್ವೀಜದ ಹುಣ್ಣಿಮೆಯಿಂದ ಕಾರ್ತಿಕದ ಹುಣ್ಣಿಮೆಯವರೆಗೆ ನಸುಕಿನಲ್ಲೇ ಕಾಕಡಾರತಿ. ತಾಳ, ಮೃದಂಗ, ದೇವರನ್ನು ಎಬ್ಬಿಸುವ ಭೂಪಾಳಿಗಳು. ಉಡುಪಿಯ ಕೃಷ್ಣಮಠದಲ್ಲೂ ಇದೇ ಸುಮಾರಿಗೆ, ಆಶ್ವೀಜ ಶುದ್ಧ ಏಕಾದಶಿಯಿಂದ ಒಂದು ತಿಂಗಳು ಪಶ್ಚಿಮ ಜಾಗರ ಪೂಜೆ, ಬೆಳಕು ಹರಿಯುವ ಮೊದಲೇ ವಾದ್ಯಗಳೊಡನೆ. ದಾಸರ ಪದಗಳಿಗೂ ಇದು ಸುಗ್ಗಿ. ಮಾನ್ವಿ ಹತ್ತಿರದ ಚೀಕಲಪರ್ವಿಯ ವಿಜಯದಾಸರ ಆರಾಧನೆ ಕಾರ್ತಿಕ ಶುದ್ಧ ದಶಮಿಗೆ. ಶರತ್ತಿಗೆ ಭೈರವವನ್ನು ಹಂಚಿದ ಹಳಬರು ಇಂಥ ನಸುಕಿನಲ್ಲಿ ಎದ್ದು ಕೂತವರೇ ಇರಬೇಕು ಎಂದು ನನ್ನ ಊಹೆ.

ಹಂಚಿಕೆಯ ಮಾತು ಬಂದದ್ದಕ್ಕೆ ದಖ್ಖನಿನ ಒಬ್ಬ ಅರಸನನ್ನು ನೆನೆಯಬೇಕು. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ (ಆಳ್ವಿಕೆ 1580–1627) ‘ಕಿತಾಬ್-ಎ-ನೌರಸ್’ ಎಂಬ ಹಾಡುಗಳ ಪುಸ್ತಕ ಬರೆದ. ಒಂದೊಂದು ಹಾಡಿಗೂ ರಾಗದ ಹೆಸರು. ಸರಸ್ವತಿಗೆ ನಮಸ್ಕಾರ, ಗಣಪತಿಗೆ ನಮಸ್ಕಾರ, ಕಲಬುರಗಿಯ ಬಂದೇನವಾಜರಿಗೂ ನಮಸ್ಕಾರ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು ಅದನ್ನೂ ಹಾಡಿಹೊಗಳಿದ ಮಹಾನುಭಾವ. ಹೈದರಾಬಾದಿನವರೂ ಕಡಿಮೆಯಲ್ಲ. ನಿಜಾಮರ ದರ್ಬಾರಿನ ಗಾಯಕಿ, ಉರ್ದು ಕವಯಿತ್ರಿ ಮಾಹ್ ಲಖಾ ಬಾಯಿ ಚಂದಾ (1768–1824) ಮೌಲಾ ಅಲಿ ಗುಡ್ಡದ ಬುಡದಲ್ಲಿ ಮಲಗಿದ್ದಾಳೆ. ಆಕೆಯ ಉಸ್ತಾದ ಖುಶ್‌ಹಾಲ್ ಖಾನ್ ‘ಅನೂಪ್’ ರಾಗಗಳ ಮೇಲೆಯೇ ಗ್ರಂಥ ಬರೆದವನು.

ಮಾರ್ವಾದ ಆರು ಸ್ವರಗಳದ್ದೇ ಸೋಹನಿ ಎಂದೆನಲ್ಲ, ಆ ಸೋಹನಿಯನ್ನು ಸಿನಿಮಾ ನೋಡುವ ಮಂದಿಗೆಲ್ಲ ಮುಟ್ಟಿಸಿದವರು ಈ ಊರಿನಲ್ಲೇ ಕೊನೆಯುಸಿರೆಳೆದರು. ಬಡೇ ಗುಲಾಂ ಅಲಿ ಖಾನರು 1960ರ ‘ಮುಘಲ್-ಎ-ಆಝಂ’ ಚಿತ್ರಕ್ಕೆ ನೌಷಾದರ ಒತ್ತಾಯಕ್ಕೆ ಹಾಡಿದರು. ಒಲ್ಲೆ ಎನ್ನಲಿಕ್ಕಾಗಿಯೇ ಒಂದು ಹಾಡಿಗೆ 25,000 ರೂಪಾಯಿ ಕೇಳಿದರಂತೆ, ನಿರ್ಮಾಪಕರು ಕೊಟ್ಟೇಬಿಟ್ಟರಂತೆ. ಸಲೀಂ–ಅನಾರ್ಕಲಿಯರ ಆ ಇರುಳಿನ ದೃಶ್ಯದಲ್ಲಿ ಕೇಳುವುದು ಸೋಹನಿ. ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ಹೊಡೆದ ಮೇಲೂ ಮಗ ಮುನವ್ವರ್ ಅಲಿಯ ಆಸರೆಯಲ್ಲಿ ಹಾಡಿದರು. 1968ರಲ್ಲಿ ಬಶೀರಬಾಗ್ ಅರಮನೆಯಲ್ಲಿ ತೀರಿಕೊಂಡರು. ಗೋರಿ ಹಳೇ ಪಟ್ಟಣದ ದಾಯ್ರಾ ಮೀರ್ ಮೋಮಿನ್‌ನಲ್ಲಿದೆ. ಬಶೀರಬಾಗಿನಲ್ಲಿ ರಸ್ತೆಗೆ ಅವರ ಹೆಸರಿದೆ. ಆಟೋದವರಿಗೆ ಆ ಹೆಸರು ಹೇಳಿ ನೋಡಿ, ಒಬ್ಬರೂ ಬರುವುದಿಲ್ಲ.

ಇನ್ನೊಬ್ಬರು ಪಂಡಿತ ಜಸರಾಜರು. ಅವರ ತಂದೆ ಪಂಡಿತ ಮೋತಿರಾಮರು 1934ರಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ದರ್ಬಾರಿನ ಗಾಯಕರಾಗಿ ನೇಮಕವಾಗಬೇಕಿದ್ದ ದಿನವೇ ಇಲ್ಲಿ ತೀರಿಕೊಂಡರು. ಮಗನಿಗೆ ಆಗ ನಾಲ್ಕು ವರ್ಷ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲಿನ ರೆಕಾರ್ಡಿನಿಂದ ಬರುತ್ತಿದ್ದ ಬೇಗಂ ಅಖ್ತರರ ಗಝಲ್ ಕೇಳುತ್ತ ಫುಟ್‌ಪಾತಿನಲ್ಲೇ ಕೂತು, ಶಾಲೆ ತಪ್ಪಿಸಿ, ಕೊನೆಗೆ ಶಾಲೆಯನ್ನೇ ಬಿಟ್ಟದ್ದನ್ನು ಜಸರಾಜರು ಸಂದರ್ಶನಗಳಲ್ಲಿ ಹೇಳಿಕೊಂಡು ನಗುತ್ತಿದ್ದರು. ತಂದೆ ಮತ್ತು ಅಣ್ಣನ ಹೆಸರಿನಲ್ಲಿ 1972ರಿಂದ ಅವರು ಈ ಊರಿನಲ್ಲಿ ನಡೆಸಿಕೊಂಡು ಬಂದ ಪಂಡಿತ ಮೋತಿರಾಮ ಪಂಡಿತ ಮಣಿರಾಮ ಸಂಗೀತ ಸಮಾರೋಹ ನವೆಂಬರ್ ಕೊನೆಯದು. ಕೆಲವು ವರ್ಷ ಅದು ಚೌಮಹಲ್ಲಾ ಅರಮನೆಯ ಅಂಗಳದಲ್ಲಿ, ಬಯಲಿನಲ್ಲೇ ನಡೆಯಿತು. ಶಾಲು ಹೊದ್ದು ಕೂತವರಿಗೆ ಗೊತ್ತು, ಚಳಿಗೆ ಸಾರಂಗಿ ಇನ್ನಷ್ಟು ಹತ್ತಿರ ಬಂದು ಕೂರುತ್ತದೆ.

ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವದ ಕಾರ್ಯಕ್ರಮಗಳೂ ಇರುತ್ತವೆ. ಭಾಷಣ ಜಾಸ್ತಿ, ಹಾಡು ಕಡಿಮೆ. ನನ್ನನ್ನು ಕೇಳಿದರೆ ಭಾಷಣ ನಿಲ್ಲಿಸಿ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನದ ಧ್ವನಿಮುದ್ರಿಕೆಯನ್ನೇ ಒಂದು ತಾಸು ಹಾಕಿಬಿಡಬೇಕು. ಮಲ್ಲಿಕಾರ್ಜುನ ಮನ್ಸೂರರ ವಚನಗಳೂ ಇವೆ. ವಚನದ ಮಾತಿಗೆ ತನ್ನದೇ ಒಂದು ನಿಲುಗಡೆ ಇದೆ. ತಾನು ಕಲಿತ ರಾಗವನ್ನು ಅದರ ಮೇಲೆ ಹೇರದೆ, ಆ ನಿಲುಗಡೆಯನ್ನು ಕಾಯುವ ಗಾಯಕರು ಬಹಳ ಜನ ಇಲ್ಲ.

ನಮ್ಮ ಮನೆಯ ಲೆಕ್ಕದಲ್ಲಿ ಶರತ್ತು ಮುಗಿಯುವುದು ಹುಮನಾಬಾದಿನ ಹತ್ತಿರದ ಮಾಣಿಕನಗರದಲ್ಲಿ. ಸಕಲಮತ ಸಾರಿದ ಮಾಣಿಕಪ್ರಭುಗಳ (1817–1865) ಸಂಸ್ಥಾನದಲ್ಲಿ ಮಾರ್ಗಶಿರದ ದತ್ತ ಜಯಂತಿಗೆ ಸಂಗೀತ ದರ್ಬಾರು ನಡೆಯುತ್ತದೆ. ದೊಡ್ಡ ದೊಡ್ಡ ಕಲಾವಿದರು ಅಲ್ಲಿ ಸೇವೆಯೆಂದು ಹಾಡಿದ್ದಾರೆ. ಕಾಕಾ ವರ್ಷವಿಡೀ ಕಾಯುತ್ತಿದ್ದುದು ಆ ರಾತ್ರಿಗೆ. ಅಷ್ಟರಲ್ಲಿ ಚಳಿ ಕಚ್ಚತೊಡಗಿರುತ್ತದೆ, ಹೇಮಂತ ಬಂದಿರುತ್ತದೆ, ರಾಗಗಳ ಚರ್ಚೆಗಿಂತ ಚಹಾದ ಕೆಟಲಿನ ಮೇಲೆ ಎಲ್ಲರ ಕಣ್ಣು.

ಹೈದರಾಬಾದಿನಲ್ಲಿ ಅದಕ್ಕೂ ಮೊದಲೇ ಮುಗಿಯುತ್ತದೆ. ಕಾರ್ತಿಕ ದ್ವಾದಶಿಯ ತುಳಸಿ ಲಗ್ನ ಆಯಿತೆಂದರೆ ಮನುಷ್ಯರ ಲಗ್ನಗಳು ಶುರು. ನಮ್ಮ ಬೀದಿಯ ಕೊನೆಗೆ ಎರಡು ಫಂಕ್ಷನ್ ಹಾಲ್‌ಗಳಿವೆ. ಸಂಜೆ ಐದೂಮುಕ್ಕಾಲಕ್ಕೆ ಸರಿಯಾಗಿ ಬಾರಾತು ಹೊರಡುತ್ತದೆ. ನಿಜಾಮರ ಫೌಜಿನ ಅರಬರು, ಸಿದ್ದಿಗಳು ಈ ಊರಿಗೆ ತಂದ ಮರ್ಫಾ ಡೋಲುಗಳು ಒಮ್ಮೆಲೇ ಎದ್ದು ನಿಂತರೆ ಕಿಟಕಿಯ ಗಾಜು ಅದುರುತ್ತದೆ. ಎದುರು ಮನೆಯ ಹುಡುಗರು ಇಳಿದುಹೋಗಿ ಗುರುತಿಲ್ಲದವರ ಮದುವೆಯಲ್ಲಿ ಕುಣಿಯುತ್ತಾರೆ. ನಾನು ಅಮೀರ್ ಖಾನರನ್ನು ನಿಲ್ಲಿಸಿ, ಬಾಲ್ಕನಿಯಿಂದ ಮದುಮಗನ ಕುದುರೆ ನೋಡುತ್ತ, ಮರ್ಫಾದ ಪೆಟ್ಟು ಎಷ್ಟು ಮಾತ್ರೆಯದೆಂದು ಎಣಿಸುತ್ತೇನೆ.